1980ರಲ್ಲಿ ನನಗೊಂದು ಓಟಿದ್ದಿದ್ರೆ ಕಾರ್ಟರ್‌ಗೇ ಹಾಕ್ತಿದ್ದೆ



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ಭಾನುವಾರ ನಮ್ಮ ಹಾಸ್ಟೆಲ್ ಓದುಗುಂಪಿನಲ್ಲಿ ಅಮೆರಿಕದ ಕಪ್ಪು ಜನರ ಮತದಾನದ ಚರಿತ್ರೆ ಬಗ್ಗೆ ಮಾತು ನಡೀತಿತ್ತು. 1965ರ ಮತದಾನ ಹಕ್ಕಿನ ಕಾಯ್ದೆಯಿಂದ ಶುರುವಾದದ್ದು 1980ರ ಅಧ್ಯಕ್ಷ ಚುನಾವಣೆಗೆ ಬಂದು ನಿಂತುಕೊಂಡ್ತು. ಒಂದು ಕಡೆ ಆಗ ಅಧ್ಯಕ್ಷರಾಗಿದ್ದು ಎರಡನೇ ಸಲ ನಿಂತಿದ್ದ ಜಿಮ್ಮಿ ಕಾರ್ಟರ್. ಇನ್ನೊಂದು ಕಡೆ ರೊನಾಲ್ಡ್ ರೇಗನ್. ಮೂರನೆಯವರಾಗಿ ಜಾನ್ ಆಂಡರ್ಸನ್. ಎಂ.ಎ. ಓದ್ತಿರೋ ಹುಡುಗನೊಬ್ಬ ಕೇಳಿದ: "ಅಣ್ಣ, ನೀವು ಅಲ್ಲಿದ್ದಿದ್ರೆ ಯಾರಿಗೆ ಹಾಕ್ತಿದ್ರಿ?"

ಕಾರ್ಟರ್‌ಗೆ ಅಂದೆ. ಕೋಣೆ ತುಂಬ ನಗು. ಸೋತವನು, ಕಡಲೆಕಾಯಿ ಬೆಳೆಯೋನು, ಇರಾನಿನಲ್ಲಿ ಒತ್ತೆಯಾಳುಗಳನ್ನ ಬಿಡಿಸೋಕೆ ಹೆಲಿಕಾಪ್ಟರ್ ಕಳಿಸಿ ಮರುಭೂಮೀಲಿ ಸುಟ್ಟುಕೊಂಡವನು, ಅವನಿಗಾ? ನಮ್ಮ ಹಳೇ ಸಂಗಾತಿಯೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಸಾಮ್ರಾಜ್ಯಶಾಹಿಗೆ ಓಟು ಹಾಕೋ ಮಟ್ಟಕ್ಕೆ ಬಂದ್ಯಾ?" ಅಂದ್ರು. ಅವತ್ತು ಹತ್ತು ನಿಮಿಷದಲ್ಲಿ ಹೇಳೋಕಾಗದೆ ಉಳಿದದ್ದನ್ನ ಇಲ್ಲಿ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ. ನನ್ನ ಓಟು ಅವರ ನಗುಮುಖಕ್ಕಲ್ಲ, ಅಧಿಕಾರ ಬಿಟ್ಟ ಮೇಲೆ ಬಡವರಿಗೆ ಮನೆ ಕಟ್ಟಿಕೊಟ್ಟರಲ್ಲ, ಅದಕ್ಕೂ ಅಲ್ಲ. 2024ರ ಡಿಸೆಂಬರ್ 29ರಂದು ನೂರು ವರ್ಷ ತುಂಬಿದ ಮುದುಕ ತೀರಿಕೊಂಡಾಗ ಎಲ್ಲರೂ "ಒಳ್ಳೇ ಮನುಷ್ಯ" ಅಂತ ಬರೆದರು. ಒಳ್ಳೇ ಮನುಷ್ಯರು ನಮ್ಮೂರಲ್ಲೂ ಬೇಕಾದಷ್ಟು ಜನ ಇದ್ರು, ಅವರ ಮನೆ ಹಿತ್ತಲಲ್ಲಿ ನಮ್ಮವ್ವನಿಗೆ ಬೇರೆ ಲೋಟ ಇತ್ತು. ನಾನು ನೋಡೋದು ನಾಲ್ಕು ವರ್ಷದಲ್ಲಿ ಆ ಮನುಷ್ಯ ಎರಡು ವಿಷಯದಲ್ಲಿ ಮಾಡಿದ ಕೆಲಸ. ಒಂದು ಇಂಧನ. ಇನ್ನೊಂದು ಸರ್ಕಾರ ನಡೆಸೋರು ತಮ್ಮ ಲೆಕ್ಕ ಜನರ ಮುಂದೆ ಬಿಚ್ಚಿಡೋ ನೀತಿ.

ಆತ ಯಾವ ಮನೆಯಿಂದ ಬಂದ ಅನ್ನೋದನ್ನ ಮುಚ್ಚಿಟ್ಟು ಹೊಗಳೋದು ಬೇಡ. ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಪಕ್ಕದ ಆರ್ಚರಿ ಅನ್ನೋ ಹಳ್ಳಿ. ಅಪ್ಪ ಭೂಮಾಲೀಕ, ಗೇಯೋರು ಕಪ್ಪು ಜನ. ನಮ್ಮ ಮಾತಲ್ಲಿ ಹೇಳೋದಾದ್ರೆ ಗೌಡರ ಮಗ. ಜೊತೆಗೆ ಆಡಿ ಬೆಳೆದ ಹುಡುಗರು ಕಪ್ಪು ಹುಡುಗರೇ. ಹದಿನಾಲ್ಕು ವರ್ಷದ ಹೊತ್ತಿಗೆ ಒಂದು ದಿನ ಹೊಲದಿಂದ ಬರುವಾಗ ಗೇಟು ತೆಗೆದ ಆ ಗೆಳೆಯರು ಒಳಗೆ ನುಗ್ಗದೆ ಪಕ್ಕಕ್ಕೆ ಸರಿದು, ಇವನು ಮೊದಲು ಹೋಗಲಿ ಅಂತ ನಿಂತರಂತೆ. ಯಾರೂ ಏನೂ ಹೇಳಲಿಲ್ಲ. ಆದ್ರೆ ಅವತ್ತಿಂದ ಸ್ನೇಹ ಮೊದಲಿನ ಹಾಗೆ ಉಳೀಲಿಲ್ಲ ಅಂತ ಆತನೇ ತನ್ನ ಆತ್ಮಕಥೆಯಲ್ಲಿ ಬರಕೊಂಡಿದ್ದಾನೆ. ಆ ಗೇಟು ನಮಗೆ ಹೊಸದಲ್ಲ. ನಮ್ಮಲ್ಲಿ ಎಷ್ಟು ಜನ ಅದನ್ನ ಹಿಡ್ಕೊಂಡು ಪಕ್ಕಕ್ಕೆ ನಿಂತಿಲ್ಲ!

ಈ ಗೌಡರ ಮಗ 1970ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ಊರಿನ ಮಾತಾಡಿದ. ವರ್ಣಭೇದವಾದಿ ಜಾರ್ಜ್ ವಾಲೇಸ್‌ನ ಬೆಂಬಲಿಗರನ್ನ ಓಲೈಸಿದ. ಎದುರಾಳಿ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರರ ಜೊತೆ ಇರೋ ಫೋಟೋ ಬಿಳಿಯರ ನಡುವೆ ಹಂಚಿಕೆಯಾಯ್ತು. ಕೊಳಕು ಚುನಾವಣೆ ಅದು. ಗೆದ್ದು 1971ರ ಜನವರಿಯಲ್ಲಿ ಪ್ರಮಾಣವಚನ ತಗೊಂಡ ದಿನ ಮಾತ್ರ ಕೇರಿಯ ಮಾತಾಡಿದ: ಜನಾಂಗಭೇದದ ಕಾಲ ಮುಗೀತು ಅಂತ. ಓಟು ಹಾಕಿದವರು ಬೆಚ್ಚಿಬಿದ್ದರು. 1974ರಲ್ಲಿ ರಾಜ್ಯದ ಸಭಾಭವನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾವಚಿತ್ರ ಹಾಕಿಸಿದಾಗ ಹೊರಗೆ ಕೂ ಕ್ಲಕ್ಸ್ ಕ್ಲಾನಿನವರು ಪ್ರತಿಭಟನೆ ಮಾಡ್ತಿದ್ರು. ಇದನ್ನ ನಾನು ಪಶ್ಚಾತ್ತಾಪ ಅಂತಲೂ ಕರೆಯಲ್ಲ, ಕಪಟ ಅಂತಲೂ ಕರೆಯಲ್ಲ. ರಾಜಕಾರಣಿ. ಅಷ್ಟೆ.

ಈಗ ಕರೆಂಟಿಗೆ ಬರೋಣ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ, ಯಾಕೆ ಅಂತ ಹೇಳ್ತೀನಿ.

ನಮ್ಮೂರಿಗೆ ಕರೆಂಟು ಬಂದಾಗ ಕಂಬಗಳು ಮಾರಮ್ಮನ ಗುಡಿವರೆಗೆ ಬಂದು ನಿಂತವು. ಅಲ್ಲಿಂದ ಕೇರಿಗೆ ಒಂದು ಕೂಗಳತೆ. ಆ ಕೂಗಳತೆ ದಾಟೋಕೆ ಲೈನಿಗೆ ಆರು ವರ್ಷ ಹಿಡೀತು. ಆಮೇಲೆ ಭಾಗ್ಯಜ್ಯೋತಿ ಬಂತು, ಮನೆಗೊಂದೇ ಬಲ್ಬು. ಬಲ್ಬಿನ ಈ ಪಕ್ಕ ಅವ್ವ ಹುರುಳಿ ಹಸನು ಮಾಡ್ತಿದ್ಲು, ಆ ಪಕ್ಕ ನಾನು ಓದ್ತಿದ್ದೆ. ಅವಳ ಮೊರದ ನೆರಳು ನನ್ನ ಪುಸ್ತಕದ ಮೇಲೆ ಬೀಳೋದು. ಹಾಗಾಗಿ ಇಂಧನ ಅಂದ್ರೆ ಇಂಜಿನಿಯರುಗಳ ವಿಷಯ ಅಂತ ಯಾರಾದ್ರೂ ಅಂದ್ರೆ ನನಗೆ ಮೈ ಉರಿಯುತ್ತೆ. ಬೆಳಕು ಯಾರ ಮನೆಗೆ, ಹೊಗೆ ಯಾರ ಎದೆಗೆ, ಬಿಲ್ಲು ಯಾರ ತಲೆಗೆ ಅನ್ನೋದು ಜಾತಿಯ ಪ್ರಶ್ನೆ. ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಅವರು ಕಾರ್ಮಿಕ ಸದಸ್ಯರಾಗಿದ್ದು ನಮಗೆಲ್ಲ ಗೊತ್ತು. ನೀರಾವರಿ ಮತ್ತು ವಿದ್ಯುತ್ತೂ ಅವರ ಕೈಲೇ ಇದ್ದದ್ದು ನಾವೇ ಮರೆತಿದ್ದೀವಿ. 1943ರಲ್ಲಿ ಯುದ್ಧಾನಂತರದ ವಿದ್ಯುತ್ ಯೋಜನೆ ಬಗ್ಗೆ ಮಾತಾಡ್ತಾ ಅವರು ಅಗ್ಗದ, ಧಾರಾಳವಾದ ವಿದ್ಯುತ್ ಇಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಈ ದೇಶದ ಬಡತನದಿಂದ ಬಿಡುಗಡೆ ಇಲ್ಲ ಅನ್ನೋ ಅರ್ಥದಲ್ಲಿ ವಾದ ಕಟ್ಟಿದ್ರು. ದಾಮೋದರ್ ಕಣಿವೆ ಯೋಜನೆಯ ಹಿಂದೆ ಅವರ ಇಲಾಖೆಯ ಕೆಲಸ ಇದೆ. ಜಯಂತಿಯಲ್ಲಿ ಇದನ್ನ ಯಾರೂ ಹೇಳಲ್ಲ, ಹೋಗ್ಲಿ.

ಕಾರ್ಟರ್ ಬೆಳೆದ ಮನೆಗೂ ಕರೆಂಟು ಇರಲಿಲ್ಲ. ರೂಸ್‌ವೆಲ್ಟ್ ಕಾಲದ ಗ್ರಾಮೀಣ ವಿದ್ಯುದೀಕರಣದಲ್ಲಿ, ಹುಡುಗನಿಗೆ ಹದಿಮೂರು ಹದಿನಾಲ್ಕು ವರ್ಷ ಇದ್ದಾಗ ಬಂತು. ಆ ನೆನಪು ಕೊನೆವರೆಗೂ ಅವರ ಮಾತಲ್ಲಿ ಇತ್ತು.

1977ರ ಜನವರಿಯಲ್ಲಿ ಅಧ್ಯಕ್ಷರಾದರು. ಫೆಬ್ರವರಿ 2ರಂದು ಸ್ವೆಟರ್ ಹಾಕ್ಕೊಂಡು ಟಿವಿ ಮುಂದೆ ಕೂತು, ಹೀಟರ್ ಕಮ್ಮಿ ಮಾಡಿ ಅಂತ ದೇಶಕ್ಕೆ ಹೇಳಿದರು. ಆಗಸ್ಟ್‌ನಲ್ಲಿ ಇಂಧನಕ್ಕೇ ಪ್ರತ್ಯೇಕ ಇಲಾಖೆ ಆಯ್ತು. 1978ರ ನವೆಂಬರ್‌ನಲ್ಲಿ ಐದು ಇಂಧನ ಕಾಯ್ದೆಗಳಿಗೆ ಒಟ್ಟಿಗೆ ಸಹಿ ಬಿತ್ತು. ಅದರಲ್ಲೊಂದು, ದೊಡ್ಡ ವಿದ್ಯುತ್ ಕಂಪನಿಗಳು ಸಣ್ಣ ಉತ್ಪಾದಕರಿಂದ ಕರೆಂಟು ಕೊಳ್ಳಲೇಬೇಕು ಅಂತ ಮಾಡ್ತು. ಕ್ಯಾಲಿಫೋರ್ನಿಯಾದ ಗಾಳಿಯಂತ್ರಗಳು ಸಾಲಾಗಿ ಎದ್ದದ್ದು ಆ ಕಾಯ್ದೆಯ ನೆರಳಿನಲ್ಲಿ. 1979ರ ಜೂನ್‌ನಲ್ಲಿ ಶ್ವೇತಭವನದ ತಾರಸಿ ಮೇಲೆ ಬಿಸಿನೀರಿಗೆ 32 ಸೌರಫಲಕ. 2000ದ ಹೊತ್ತಿಗೆ ದೇಶದ ಶಕ್ತಿಯಲ್ಲಿ ಶೇ. 20 ಸೂರ್ಯನಿಂದ ಬರಬೇಕು ಅಂತ ಗುರಿ. ರೇಗನ್ ಬಂದ ಮೇಲೆ, 1986ರಲ್ಲಿ ಆ ಫಲಕಗಳನ್ನ ಇಳಿಸಿದರು. ಒಂದು ಈಗ ಚೀನಾದ ವಸ್ತುಸಂಗ್ರಹಾಲಯದಲ್ಲಿದೆ. ಆ ದಿನ ಭಾಷಣದಲ್ಲಿ ಕಾರ್ಟರೇ, ಇದು ಮುಂದೆ ಮ್ಯೂಸಿಯಂ ವಸ್ತುವೂ ಆಗಬಹುದು ಅಂದಿದ್ರು.

ಸೌರಫಲಕದ ಫೋಟೋವನ್ನ ಎಲ್ಲರೂ ಹಾಕ್ತಾರೆ. ನನ್ನ ಓಟು ತಗೊಂಡದ್ದು ಅದಲ್ಲ, ಕಲ್ಲಿದ್ದಲಿನ ಕಾಯ್ದೆಗಳು. ಭೂಮಿ ಮೇಲ್ಪದರ ಸೀಳಿ ಕಲ್ಲಿದ್ದಲು ತೆಗೆಯೋ ಕಂಪನಿಗಳು ಆ ನೆಲವನ್ನ ಮತ್ತೆ ಸರಿಮಾಡಿ ಕೊಡಬೇಕು ಅನ್ನೋ ಮಸೂದೆಯನ್ನ ಹಿಂದಿನ ಅಧ್ಯಕ್ಷ ಫೋರ್ಡ್ ಎರಡು ಸಲ ತಡೆದಿದ್ರು. ಕಾರ್ಟರ್ 1977ರ ಆಗಸ್ಟ್ 3ರಂದು ಸಹಿ ಹಾಕಿದರು. ತೆಗೆದ ಪ್ರತಿ ಟನ್ನಿಗೆ ಇಷ್ಟು ಸೆಂಟು ಅಂತ ಕಂಪನಿಯಿಂದ ವಸೂಲಿ ಮಾಡಿ, ಹಿಂದೆ ಅಗೆದು ಬಿಟ್ಟುಹೋದ ಗಣಿಗಳನ್ನ ಸರಿಪಡಿಸೋಕೆ ನಿಧಿ ಮಾಡಿದರು. ಅದೇ ವರ್ಷ ಗಣಿ ಸುರಕ್ಷತೆಯ ಜಾರಿ ಕೆಲಸವನ್ನ ಗಣಿ ಬೆಳೀಲಿ ಅನ್ನೋ ಇಲಾಖೆಯಿಂದ ಕಿತ್ತು ಕಾರ್ಮಿಕ ಇಲಾಖೆಗೆ ಕೊಟ್ಟರು. ಇದೊಂದು ಸಣ್ಣ ಬದಲಾವಣೆ ಅಂತ ಕಾಣುತ್ತೆ. ಕಳ್ಳನ ಮನೆ ಕಾವಲಿಗೆ ಕಳ್ಳನ ಭಾವಮೈದನನ್ನೇ ಇಟ್ಟಿದ್ದನ್ನ ತೆಗೆದ ಹಾಗೆ. ಆಮೇಲೆ 1978ರಲ್ಲಿ, ಕಲ್ಲಿದ್ದಲ ಧೂಳು ಕುಡಿದು ಶ್ವಾಸಕೋಶ ಕಪ್ಪಾದ ಕಾರ್ಮಿಕರ ಪರಿಹಾರಕ್ಕೆ ಕಲ್ಲಿದ್ದಲಿನ ಮೇಲೇ ತೆರಿಗೆ ಹಾಕಿ ನಿಧಿ ಕಟ್ಟಿದರು. ಎದೆ ಹಾಳು ಮಾಡಿದವನ ಜೇಬಿಂದ ಔಷಧದ ದುಡ್ಡು. ಮ್ಯಾನ್‌ಹೋಲಿನಲ್ಲಿ ಸತ್ತ ನಮ್ಮ ಹುಡುಗರ ಪರಿಹಾರದ ಚೆಕ್ಕಿಗೆ ಆಫೀಸು ಆಫೀಸು ಅಲೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಟ್ಟದ್ದೂ ಇದೆ. 1979ರಲ್ಲಿ ತೈಲಬೆಲೆಯ ನಿಯಂತ್ರಣ ಸಡಿಲಿಸಿದರು, ಬಡವರ ಮನೆ ಬೆಚ್ಚಗಿಡೋ ಖರ್ಚು ಏರಿತು. ಅದರಿಂದ ತೈಲ ಕಂಪನಿಗಳಿಗೆ ಬಂದ ಅನಾಯಾಸ ಲಾಭದ ಮೇಲೆ 1980ರಲ್ಲಿ ತೆರಿಗೆ ಹಾಕಿ, ಬಡವರ ಹೀಟಿಂಗ್ ಬಿಲ್ಲಿಗೆ ನೆರವಿನ ದಾರಿ ಮಾಡಿದರು, ನಿಜ. ಆದ್ರೆ ಏರಿದ ಬೆಲೆ ತಕ್ಷಣ ತಟ್ಟುತ್ತೆ, ನೆರವು ಅರ್ಜಿ ಹಾಕಿದ ಮೇಲೆ ಬರುತ್ತೆ. ಕಲ್ಲಿದ್ದಲನ್ನ ಎಣ್ಣೆ ಮಾಡೋ ಹುಚ್ಚು ಯೋಜನೆಗೂ ಕೋಟಿ ಕೋಟಿ ಡಾಲರ್ ಇಟ್ಟರು.

ಇವೆಲ್ಲಕ್ಕಿಂತ ನನ್ನನ್ನ ಕಾಡೋದು ಬೇರೆ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತ ಆಯ್ತು. ನಾಲ್ಕನೇ ದಿನಕ್ಕೆ ಕಾರ್ಟರ್ ಹೆಂಡತಿ ರೋಸಲಿನ್ ಜೊತೆ ಅಲ್ಲಿಗೆ ಹೋಗಿ, ಹಳದಿ ಕಾಲುಗವಸು ಹಾಕ್ಕೊಂಡು ಕಂಟ್ರೋಲ್ ರೂಮಿನೊಳಗೆ ನಡೆದರು. ಇಡೀ ಜಗತ್ತು ನೋಡ್ತು. ಜುಲೈ 15ರ ರಾತ್ರಿ ಅವರ ಪ್ರಸಿದ್ಧ ಟಿವಿ ಭಾಷಣ: ದೇಶಕ್ಕೆ ಆತ್ಮವಿಶ್ವಾಸದ ಬಿಕ್ಕಟ್ಟು ಬಂದಿದೆ, ಕೊಳ್ಳೋದರಲ್ಲೇ ಅರ್ಥ ಹುಡುಕ್ತಿದೀವಿ, ಇಂಧನದ ವಿಷಯದಲ್ಲಿ ತ್ಯಾಗ ಮಾಡಬೇಕು ಅಂತ. ಮಾರನೇ ದಿನ, ಜುಲೈ 16ರ ಬೆಳಗಿನ ಜಾವ, ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ ಯುರೇನಿಯಂ ಕಾರ್ಖಾನೆಯ ತ್ಯಾಜ್ಯದ ಕೆರೆ ಏರಿ ಒಡೀತು. ಒಂಬತ್ತು ಕೋಟಿ ಗ್ಯಾಲನ್‌ಗೂ ಹೆಚ್ಚು ವಿಕಿರಣದ ಆಮ್ಲನೀರು, ಸಾವಿರ ಟನ್‌ಗೂ ಮೇಲೆ ತ್ಯಾಜ್ಯ, ಪ್ಯುಎರ್ಕೋ ಹೊಳೆಗೆ. ಆ ಹೊಳೆ ದಂಡೆಯಲ್ಲಿ ನವಾಹೋ ಆದಿವಾಸಿಗಳು ಕುರಿ ಮೇಯಿಸ್ತಿದ್ರು, ಮಕ್ಕಳು ನೀರಲ್ಲಿ ಆಡ್ತಿದ್ವು. ಹೊರಬಿದ್ದ ವಿಕಿರಣ ತ್ರೀ ಮೈಲ್ ಐಲ್ಯಾಂಡಿಗಿಂತ ಹೆಚ್ಚು. ಅಧ್ಯಕ್ಷರ ಹಳದಿ ಕಾಲುಗವಸು ಆ ಹೊಳೆಗೆ ಬರಲಿಲ್ಲ.

ತ್ಯಾಗ ಮಾಡಿ ಅಂತ ರಾತ್ರಿ ದೇಶಕ್ಕೆಲ್ಲ ಹೇಳಿದರು, ಬೆಳಗಾಗೋದರೊಳಗೆ ಯಾರ ತ್ಯಾಗ ಅನ್ನೋದು ತೀರ್ಮಾನ ಆಗಿತ್ತು.

ಇದೇ ಜಾಗಕ್ಕೆ ನಮ್ಮ ಪಾವಗಡವೂ ಬಂದು ನಿಲ್ಲುತ್ತೆ. ವಿಷದ ನೀರಿಲ್ಲ, ಹೊಗೆಯಿಲ್ಲ, ಅದಕ್ಕೆ ಇದಕ್ಕೆ ಹೋಲಿಕೆ ಮಾಡ್ತಿಲ್ಲ. ಆದ್ರೆ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ ಹಣ. ಭೂಮಿ ಇದ್ದೋರಿಗೆ. ಆ ಭೂಮೀಲಿ ಕಳೆ ಕೀಳ್ತಿದ್ದ, ಕಡಲೆಕಾಯಿ ಬಿಡಿಸ್ತಿದ್ದ ಭೂಮಿ ಇಲ್ಲದ ಹೆಂಗಸರಿಗೆ ಏನು? ಕೂಲಿ ಹೋಯ್ತು, ಗುತ್ತಿಗೆ ಪತ್ರದಲ್ಲಿ ಹೆಸರು ಇರೋ ಪ್ರಶ್ನೆಯೇ ಇಲ್ಲ. ಸೂರ್ಯನ ಕರೆಂಟು ಕೂಡ ತಾನಾಗೇ ಕೇರಿ ಕಡೆಗೆ ತಿರುಗಲ್ಲ. ಪಟ್ಟಾ ಯಾರ ಹೆಸರಲ್ಲಿದೆ ನೋಡ್ಕೊಂಡು ಹರಿಯುತ್ತೆ.

ಇಷ್ಟು ಹೇಳಿದ ಮೇಲೂ ಆತನಿಗೆ ಯಾಕೆ ಓಟು? ಇನ್ನೊಂದು ಅರ್ಧ ಇದೆ ಅಲ್ವಾ, ಅದಕ್ಕೆ.

ವಾಟರ್‌ಗೇಟ್ ಹಗರಣದಲ್ಲಿ ನಿಕ್ಸನ್ ಓಡಿಹೋಗಿ ಎರಡು ವರ್ಷ ಆಗಿತ್ತು. ನಾನು ಸುಳ್ಳು ಹೇಳಲ್ಲ ಅಂತ ಹೇಳ್ಕೊಂಡು ಬಂದ ಮನುಷ್ಯ ಕಾರ್ಟರ್. ಅಂಥ ಮಾತನ್ನ ಯಾರು ಹೇಳಿದ್ರೂ ನಾನು ನಂಬಲ್ಲ. ನಮಗೆ ಬೇಕಾದ್ದು, ಸುಳ್ಳು ಹೇಳಿದ್ರೆ ಸಿಕ್ಕಿಬೀಳೋ ಏರ್ಪಾಟು. ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಸಾಂವಿಧಾನಿಕ ನೈತಿಕತೆ ಅಂದಾಗ ಅದು ತಾನಾಗಿ ಹುಟ್ಟೋ ಗುಣ ಅಲ್ಲ, ಬೆಳೆಸಬೇಕಾದ್ದು ಅಂತಲೇ ಅಂದದ್ದು. 1978ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಕಾರ್ಟರ್ ಮೂರು ಕಾಯ್ದೆಗೆ ಸಹಿ ಹಾಕಿದರು. ಅಕ್ಟೋಬರ್ 12ರ ಕಾಯ್ದೆ ದೊಡ್ಡ ದೊಡ್ಡ ಇಲಾಖೆಗಳೊಳಗೆ ಇನ್‌ಸ್ಪೆಕ್ಟರ್ ಜನರಲ್ ಅನ್ನೋ ಸ್ವತಂತ್ರ ತನಿಖಾಧಿಕಾರಿಯನ್ನ ಕೂರಿಸ್ತು. 13ರದ್ದು, ಒಳಗಿನ ಕಳ್ಳತನ ಹೊರಗೆ ಹೇಳಿದ ನೌಕರನಿಗೆ ರಕ್ಷಣೆ ಕೊಡ್ತು. 26ರದ್ದು ಸರ್ಕಾರದ ನೀತಿ ಕಾಯ್ದೆ: ಅಧ್ಯಕ್ಷ, ಸಂಸದರು, ಹಿರಿಯ ಅಧಿಕಾರಿಗಳು, ಫೆಡರಲ್ ನ್ಯಾಯಾಧೀಶರು ಎಲ್ಲರೂ ವರ್ಷ ವರ್ಷ ಆಸ್ತಿ, ಆದಾಯ, ಸಾಲದ ವಿವರ ಕೊಡಬೇಕು, ಜನ ಅದನ್ನ ನೋಡಬಹುದು. ನಿವೃತ್ತನಾದ ತಕ್ಷಣ ಅದೇ ಇಲಾಖೆಗೆ ಕಂಪನಿ ಪರವಾಗಿ ಲಾಬಿ ಮಾಡೋಕೆ ಬರೋದಕ್ಕೆ ತಡೆ. ಮೇಲಿನವರ ಮೇಲೆ ಆರೋಪ ಬಂದ್ರೆ ಸರ್ಕಾರದಿಂದ ಸ್ವತಂತ್ರವಾದ ವಿಶೇಷ ಪ್ರಾಸಿಕ್ಯೂಟರ್. ಮುಂದಿನ ತಿಂಗಳು ಇನ್ನೊಂದು ಕಾಯ್ದೆ: ಅಧ್ಯಕ್ಷನ ಕಾಗದಪತ್ರ ಅವನ ಸ್ವಂತದ್ದಲ್ಲ, ಜನರದ್ದು.

ವಿಶೇಷ ಪ್ರಾಸಿಕ್ಯೂಟರ್ ಕಲಮು ಮೊದಲು ಯಾರ ಮೇಲೆ ಬಿತ್ತು ಗೊತ್ತಾ? ಕಾರ್ಟರ್ ಅವರ ಬಲಗೈ, ಶ್ವೇತಭವನದ ಮುಖ್ಯಸ್ಥ ಹ್ಯಾಮಿಲ್ಟನ್ ಜೋರ್ಡನ್ ಮೇಲೆ, 1979ರಲ್ಲಿ. ಕೊಕೇನ್ ಸೇದಿದ ಅಂತ ಆರೋಪ. ತನಿಖೆ ನಡೆದು 1980ರಲ್ಲಿ ಆರೋಪ ಬಿದ್ದುಹೋಯ್ತು. ಕಾರ್ಟರ್ ಕುಟುಂಬದ ಕಡಲೆಕಾಯಿ ಗೋದಾಮಿನ ಸಾಲದ ದುಡ್ಡು ಚುನಾವಣೆಗೆ ಹೋಯ್ತಾ ಅಂತಲೂ ಪ್ರತ್ಯೇಕ ತನಿಖೆ ನಡೀತು. ಹಾಗೇನೂ ಆಗಿಲ್ಲ ಅಂತ ವರದಿ ಬಂತು. ವ್ಯವಹಾರವನ್ನ ಟ್ರಸ್ಟಿಗೆ ಒಪ್ಪಿಸಿ ಅಧಿಕಾರಕ್ಕೆ ಬಂದ ಮನುಷ್ಯ 1981ರಲ್ಲಿ ಊರಿಗೆ ವಾಪಸ್ ಹೋದಾಗ ಗೋದಾಮು ಹತ್ತು ಲಕ್ಷ ಡಾಲರ್ ಸಾಲದಲ್ಲಿತ್ತು, ಮಾರಿದರು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿ ಐದು ವರ್ಷ ಮುಗಿಸಿದವನ ಮನೆ ನೆನಪಿಸಿಕೊಳ್ಳಿ. ಅವನದ್ದೂ ಸೇರಿ, ನಮ್ಮವನದ್ದೂ ಸೇರಿ.

ಕಲೆ ಇಲ್ಲವೇ? ಇದೆ. ಬಜೆಟ್ ಮುಖ್ಯಸ್ಥ ಮಾಡ್ಕೊಂಡ ಗೆಳೆಯ ಬರ್ಟ್ ಲ್ಯಾನ್ಸ್ ಹಿಂದೆ ಬ್ಯಾಂಕ್ ನಡೆಸಿದ ರೀತಿ ಬಗ್ಗೆ ಗಲಾಟೆ ಎದ್ದಾಗ ಕಾರ್ಟರ್ ಮೊದಲು ಬೆನ್ನು ತಟ್ಟಿದರು. ಕೊನೆಗೆ 1977ರ ಸೆಪ್ಟೆಂಬರ್‌ನಲ್ಲಿ ಲ್ಯಾನ್ಸ್ ರಾಜೀನಾಮೆ ಕೊಡಬೇಕಾಯ್ತು. ತಮ್ಮ ಬಿಲ್ಲಿ ಲಿಬಿಯಾ ಸರ್ಕಾರದಿಂದ ದುಡ್ಡು ತಗೊಂಡ. ಮನೆಯವರನ್ನ ಹಿಡಿತದಲ್ಲಿಡೋದು ಯಾವ ಕಾಯ್ದೆಯಿಂದಲೂ ಆಗಲ್ಲ ಅನ್ಸುತ್ತೆ.

1977ರ ಡಿಸೆಂಬರ್‌ನ ಕಾಯ್ದೆಯೊಂದು ಸೀದಾ ನಮ್ಮ ಅಂಗಳಕ್ಕೇ ಬರುತ್ತೆ. ಲಾಕ್‌ಹೀಡ್ ಅನ್ನೋ ವಿಮಾನ ಕಂಪನಿ ಜಪಾನಿನ ಪ್ರಧಾನಿವರೆಗೆ ಲಂಚ ಕೊಟ್ಟದ್ದು ಬಯಲಾಗಿತ್ತು. ಕೊಟ್ಟಿದ್ದನ್ನ ಘೋಷಿಸಿಕೊಂಡ್ರೆ ಸಾಕು ಅನ್ನೋದು ಫೋರ್ಡ್ ಸರ್ಕಾರದ ನಿಲುವು. ಇಲ್ಲ, ವಿದೇಶಿ ಅಧಿಕಾರಿಗೆ ಲಂಚ ಕೊಡೋದೇ ಅಪರಾಧ ಆಗಬೇಕು ಅಂತ ಕಾರ್ಟರ್ ಸರ್ಕಾರ ನಿಂತು ಕಾಯ್ದೆ ಆಯ್ತು. ಈ ಕಾಯ್ದೆಯ ಹೆಸರು ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು 2024ರ ನವೆಂಬರ್‌ನಲ್ಲಿ. ಭಾರತದಲ್ಲಿ ಸೌರವಿದ್ಯುತ್ ಮಾರಾಟದ ಒಪ್ಪಂದಕ್ಕಾಗಿ ಅಧಿಕಾರಿಗಳಿಗೆ 25 ಕೋಟಿ ಡಾಲರ್‌ಗೂ ಹೆಚ್ಚು ಲಂಚದ ಮಾತಾಗಿತ್ತು ಅಂತ ನ್ಯೂಯಾರ್ಕಿನ ಪ್ರಾಸಿಕ್ಯೂಟರ್‌ಗಳು ಆರೋಪಪಟ್ಟಿ ಹಾಕಿದರು. ದೇಶದ ಅತಿ ದೊಡ್ಡ ಉದ್ಯಮಿಗಳಲ್ಲಿ ಒಬ್ಬರ ಮೇಲೆ ಹೂಡಿಕೆದಾರರಿಗೆ ಮೋಸದ ಆರೋಪ, ಬೇರೆ ಕೆಲವರ ಮೇಲೆ ಈ ಲಂಚ ಕಾಯ್ದೆಯಡಿ ಸಂಚಿನ ಆರೋಪ. ಉದ್ಯಮಿಯ ಸಮೂಹ ಎಲ್ಲವನ್ನೂ ನಿರಾಕರಿಸಿತು. ಆರೋಪಪಟ್ಟಿ ತೀರ್ಪಲ್ಲ, ಅದನ್ನ ಮರೀಬೇಡಿ. ನಾನು ಹೇಳೋದು ಇಷ್ಟೆ: ನಮ್ಮ ದೇಶದ ಕರೆಂಟಿನ ವ್ಯವಹಾರದ ಬಗ್ಗೆ ಅಷ್ಟು ವಿವರವಾದ ಆರೋಪ ನಮ್ಮ ತನಿಖಾ ಸಂಸ್ಥೆಯಿಂದ ಬರಲಿಲ್ಲ, ಅಲ್ಲಿಂದ ಬಂತು. 2025ರ ಫೆಬ್ರವರಿಯಲ್ಲಿ ಟ್ರಂಪ್ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, ಆ ಕಾಯ್ದೆಯ ಜಾರಿಗೆ ತಡೆ ಹಾಕಿದ್ದು. ಅದಕ್ಕೂ ಮೊದಲು ಜನವರಿಯಲ್ಲಿ ಒಂದೇ ರಾತ್ರಿ ಸುಮಾರು ಹದಿನೇಳು ಇನ್‌ಸ್ಪೆಕ್ಟರ್ ಜನರಲ್‌ಗಳನ್ನ ಮನೆಗೆ ಕಳಿಸಿದರು. ರೇಗನ್ ಕೂಡ 1981ರಲ್ಲಿ ಬಂದ ಕೂಡಲೇ ಇದ್ದವರನ್ನೆಲ್ಲ ತೆಗೆದಿದ್ರು. ಗಲಾಟೆ ಆದ ಮೇಲೆ ಕೆಲವರನ್ನ ವಾಪಸ್ ಕರೆದ್ರು. ಕಾಯ್ದೆಗೆ ಹಲ್ಲಿತ್ತೋ ಇಲ್ವೋ ಅಂತ ತಿಳೀಬೇಕಾದ್ರೆ ಅದನ್ನ ಮುರಿಯೋಕೆ ಯಾರು ಅವಸರ ಮಾಡಿದ್ರು ಅಂತ ನೋಡಿ. ನಮ್ಮ ಲೋಕಾಯುಕ್ತದ ಕೈಕಟ್ಟಿ 2016ರಲ್ಲಿ ಎಸಿಬಿ ಮಾಡಿದ್ದು, 2022ರಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿದ್ದು ನಿಮಗೆ ಗೊತ್ತಿದೆ. ಅವತ್ತು ಆಳ್ತಿದ್ದ ಪಕ್ಷಕ್ಕೆ ನಮ್ಮಲ್ಲೇ ಎಷ್ಟು ಜನ ಚಪ್ಪಾಳೆ ಹೊಡೀತಿದ್ವಿ ಅನ್ನೋದೂ ಗೊತ್ತಿದೆ.

ಸರಿ, ಹಳೇ ಸಂಗಾತಿಯ ಮಾತಿಗೆ ಬರ್ತೀನಿ. ಸಾಮ್ರಾಜ್ಯಶಾಹಿ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮಾನವ ಹಕ್ಕು ಅಂತ ಜಗತ್ತಿಗೆಲ್ಲ ಪಾಠ ಹೇಳಿದ ಕಾರ್ಟರ್ ಇರಾನಿನ ಷಾ ಜೊತೆ ಗ್ಲಾಸು ಎತ್ತಿದರು. ಪೂರ್ವ ತಿಮೋರಿನಲ್ಲಿ ಜನರನ್ನ ಕೊಲ್ತಿದ್ದ ಇಂಡೋನೇಷ್ಯಾಕ್ಕೆ ಶಸ್ತ್ರ ಹೋಗ್ತಾನೇ ಇತ್ತು. ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೋ 1980ರ ಫೆಬ್ರವರಿಯಲ್ಲಿ ಕಾರ್ಟರ್‌ಗೆ ಕಾಗದ ಬರೆದು, ನಮ್ಮ ಸೈನ್ಯಕ್ಕೆ ನೆರವು ಕೊಡಬೇಡಿ ಅಂತ ಬೇಡಿಕೊಂಡರು. ಮಾರ್ಚ್ 24ರಂದು ಪೂಜೆ ಮಾಡ್ತಿದ್ದಾಗಲೇ ಅವರನ್ನ ಗುಂಡಿಕ್ಕಿ ಕೊಂದರು. ನೆರವು ನಿಲ್ಲಲಿಲ್ಲ. ಇದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ.

ಆದ್ರೆ 1980ರ ಮತಪತ್ರದಲ್ಲಿ ಇನ್ನೊಂದು ಹೆಸರಿತ್ತಲ್ಲ. ಆಗಸ್ಟ್ 3ರಂದು ರೇಗನ್ ಮಿಸಿಸಿಪ್ಪಿಯ ನೆಶೋಬಾ ಜಾತ್ರೆಗೆ ಹೋಗಿ, ರಾಜ್ಯಗಳ ಹಕ್ಕಿನಲ್ಲಿ ನನಗೆ ನಂಬಿಕೆ ಇದೆ ಅಂದರು. ಕೇಳೋಕೆ ಒಕ್ಕೂಟ ವ್ಯವಸ್ಥೆಯ ಮಾತು. ಆ ನೆಲದಲ್ಲಿ ಅದರ ಅರ್ಥ, ಕಪ್ಪು ಜನರನ್ನ ಹೇಗಿಡಬೇಕು ಅಂತ ನಮಗೆ ಬಿಡಿ, ದಿಲ್ಲಿ ಮೂಗು ತೂರಿಸಬಾರದು ಅನ್ನೋ ಹಾಗೆ. ಅಲ್ಲಿಂದ ಕೆಲವೇ ಮೈಲಿಯಾಚೆ 1964ರಲ್ಲಿ ಕಪ್ಪು ಜನರ ಓಟಿನ ಹಕ್ಕಿಗಾಗಿ ಬಂದ ಮೂವರು ಯುವಕರನ್ನ ಕೊಂದು ಮಣ್ಣಿನ ಏರಿಯೊಳಗೆ ಹೂತಿದ್ರು. ಕಂಬಾಲಪಲ್ಲಿ ಪಕ್ಕ ನಿಂತು ಊರಿನ ಕಟ್ಟುಪಾಡು ದೊಡ್ಡದು ಅಂತ ಯಾರಾದ್ರೂ ಭಾಷಣ ಮಾಡಿದ್ರೆ ನಮಗೆ ಏನು ಅರ್ಥ ಆಗುತ್ತೋ ಅಲ್ಲಿನ ಕಪ್ಪು ಜನಕ್ಕೂ ಅದೇ ಅರ್ಥ ಆಯ್ತು. ಇತ್ತ ಕಾರ್ಟರ್ ಪಟ್ಟಿಯಲ್ಲಿ, ಅವರಿಗಿಂತ ಹಿಂದಿನ ಅಧ್ಯಕ್ಷರೆಲ್ಲ ಸೇರಿ ನೇಮಿಸಿದ್ದಕ್ಕಿಂತ ಹೆಚ್ಚು ಕಪ್ಪು ನ್ಯಾಯಾಧೀಶರು, ಹೆಚ್ಚು ಮಹಿಳಾ ನ್ಯಾಯಾಧೀಶರು. ಸಂಪುಟದಲ್ಲಿ ಪೆಟ್ರೀಷಿಯಾ ರಾಬರ್ಟ್ಸ್ ಹ್ಯಾರಿಸ್, ಆ ದೇಶದ ಮೊದಲ ಕಪ್ಪು ಮಹಿಳಾ ಮಂತ್ರಿ. ಬಡವರ ಕಷ್ಟ ನಿಮಗೇನು ಗೊತ್ತು ಅನ್ನೋ ಧಾಟೀಲಿ ಸೆನೆಟರ್ ಒಬ್ಬ ಕೇಳಿದಾಗ ಆಕೆ, ನಾನು ರೈಲಿನಲ್ಲಿ ಊಟ ಬಡಿಸ್ತಿದ್ದವನ ಮಗಳು ಅಂತ ನೆನಪಿಸಬೇಕಾಯ್ತು. ಕಪ್ಪು ಮತದಾರರು ಕಾರ್ಟರ್ ಮೇಲೆ ಸಿಟ್ಟಾಗಿದ್ರು, ಉದ್ಯೋಗ ಕೊಡಲಿಲ್ಲ, ನಮ್ಮ ಆಂಡ್ರ್ಯೂ ಯಂಗ್‌ನನ್ನ ವಿಶ್ವಸಂಸ್ಥೆ ಹುದ್ದೆಯಲ್ಲಿ ಉಳಿಸಿಕೊಳ್ಳಲಿಲ್ಲ ಅಂತ. ಸಿಟ್ಟು ಇಟ್ಕೊಂಡೇ ಬಹುಪಾಲು ಜನ ಹೋಗಿ ಅವರಿಗೇ ಒತ್ತಿದರು. ಫಲಿತಾಂಶ ನಿಮಗೆ ಗೊತ್ತು: ರೇಗನ್‌ಗೆ 44 ರಾಜ್ಯ, ಕಾರ್ಟರ್‌ಗೆ ಆರು ರಾಜ್ಯ ಮತ್ತು ರಾಜಧಾನಿ.

ಭಾನುವಾರ ಎಲ್ಲರೂ ಎದ್ದು ಹೊರಡೋ ಹೊತ್ತಿಗೆ, ಅಲ್ಲಿವರೆಗೂ ಒಂದು ಮಾತಾಡದೆ ಕೂತಿದ್ದ ಬಿ.ಎಸ್ಸಿ. ಹುಡುಗಿಯೊಬ್ಬಳು ಕೇಳಿದಳು: "ಅಣ್ಣ, ನೀವು ಚರ್ಚ್ ರಾಕ್‌ನವರಾಗಿದ್ರೆ?"

ನನಗೆ ಥಟ್ ಅಂತ ಉತ್ತರ ಹೊಳೀಲಿಲ್ಲ. ಮನೆಗೆ ಬಂದು ಮೂರು ದಿನ ಯೋಚನೆ ಮಾಡಿದೀನಿ. ತಂಗಿ, ನಾನು ಆ ಹೊಳೆ ದಂಡೆಯವನಾಗಿದ್ದು ನನ್ನ ಮಗುವಿನ ಕಾಲು ಆ ನೀರಲ್ಲಿ ಸುಟ್ಟಿದ್ರೆ ಬೂತಿಗೇ ಹೋಗ್ತಿರಲಿಲ್ಲ ಅನ್ಸುತ್ತೆ. ಹೋಗಿದ್ರೆ, ಕೈಯಲ್ಲಿ ಎರಡು ಕಾಗದ ಇರ್ತಿತ್ತು. ಒಂದು ಮತಪತ್ರ. ಇನ್ನೊಂದು ಆತನದೇ ಸರ್ಕಾರದ ಮೇಲೆ, ಆತನೇ ಮಾಡಿದ ಕಾಯ್ದೆಯಡಿ ಕೂರಿಸಿದ ಇನ್‌ಸ್ಪೆಕ್ಟರ್ ಜನರಲ್‌ಗೆ ದೂರು. ಮೊದಲನೆಯದನ್ನ ಹಾಕ್ತಿದ್ನೋ ಇಲ್ವೋ, ಎರಡನೆಯದನ್ನಂತೂ ಹಾಕಿಯೇ ಬರ್ತಿದ್ದೆ. ರೇಗನ್ ಬಂದ ಮೊದಲ ವಾರದಲ್ಲೇ ಆ ದೂರು ತಗೊಳ್ಳೋ ಕುರ್ಚಿ ಖಾಲಿ ಮಾಡಿಸಿದ ಅನ್ನೋದನ್ನ ನೆನೆದ್ರೆ, ಮೊದಲನೆಯದನ್ನೂ ಹಾಕಬೇಕಿತ್ತೇನೋ ಅನ್ಸುತ್ತೆ.

ಈ ಉತ್ತರ ನಿನಗೆ ಸಾಲದು ಅಂತ ಗೊತ್ತು. ನನಗೂ ಸಾಲ್ತಿಲ್ಲ. ಬರೋ ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಹಾಲ್‌ನಲ್ಲಿ ಚರ್ಚ್ ರಾಕ್ ಬಗ್ಗೆ ಅವಳೇ ಮಾತಾಡ್ತಾಳೆ, ಒಪ್ಪಿಕೊಂಡಿದ್ದಾಳೆ. ಪಾವಗಡದ ಕಡೆಯ ಗೆಳೆಯರು ಯಾರಾದ್ರೂ ಬರೋ ಹಾಗಿದ್ರೆ ಬನ್ನಿ. ಹಳೇ ಸಂಗಾತಿ ಕೂಡ ಬರ್ತಾರಂತೆ, ನನ್ನನ್ನ ಬೈಯೋದು ಇನ್ನೂ ಬಾಕಿ ಇದೆ ಅಂದ್ರು.

ಜೈಭೀಮ್.